ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೇಲೆ ಫೋನಲ್ಲಿ ಟ್ರ್ಯಾಕರ್ ಅಲರ್ಟ್ ಬಂದ್ರೆ ಡೀಲರ್ ಮಾತು ಕೇಳಿ ‘ಇಗ್ನೋರ್’ ಒತ್ತಬೇಡಿ

ಕಾರು ಡೆಲಿವರಿ ತಗೊಂಡ ಮೇಲೆ ಫೋನಲ್ಲಿ ‘ಅನ್‌ನೋನ್ ಟ್ರ್ಯಾಕರ್’ ಅಂತ ಅಲರ್ಟ್ ಬಂದರೆ ದಯವಿಟ್ಟು ಮೊದಲು ಡೀಲರ್‌ಗೆ ಫೋನ್ ಮಾಡಬೇಡಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಫೋನ್. ಮತ್ತೆ ಹೇಳ್ತೀನಿ, ಮೊದಲು ಸ್ಕ್ರೀನ್‌ಶಾಟ್.

ಬೆಂಗಳೂರಿನ ಒಬ್ಬ ಯೂಸ್ಡ್ ಕಾರ್ ಡೀಲರ್ ಕೊಟ್ಟ ಗಾಡಿಯಲ್ಲಿ ಆಗಿದ್ದು ಇದು. ಹೆಸರು ಹಾಕಲ್ಲ. ಆರ್‌ಸಿ ಟ್ರಾನ್ಸ್‌ಫರ್, ಇನ್ಶೂರೆನ್ಸ್, ಬ್ಯಾಂಕಿನ ಎನ್‌ಒಸಿ ಎಲ್ಲಾ ಮಾಮೂಲಿನ ಹಾಗೇ ಆಯ್ತು. ‘ಫುಲ್ಲಿ ಚೆಕ್ಡ್’ ಅಂತ ಟಿಕ್ ಹಾಕಿದ ಉದ್ದದ ಪಟ್ಟಿ ಬೇರೆ ಕೈಗಿಟ್ಟರು. ಪಟ್ಟಿಯಲ್ಲಿ ಇಲ್ಲದ ಒಂದು ಸಾಮಾನು ಸೀಟಿನ ಒಳಗಿತ್ತು.

ಆಂಡ್ರಾಯ್ಡ್‌ನಲ್ಲಿ ಆ ಅಲರ್ಟ್ ಒತ್ತಿದರೆ ಮ್ಯಾಪ್ ತೆರೆಯುತ್ತೆ. ಆ ಟ್ಯಾಗ್ (ಆ್ಯಪಲ್‌ನ ಏರ್‌ಟ್ಯಾಗ್ ಥರ, ತಾನಿರೋ ಜಾಗವನ್ನು ಓನರ್ ಫೋನಿಗೆ ತೋರಿಸೋ ಪುಟ್ಟ ಬ್ಲೂಟೂತ್ ಬಿಲ್ಲೆ) ನಿಮ್ಮ ಜೊತೆ ಎಲ್ಲೆಲ್ಲಿ ಬಂತು ಅಂತ ತೋರಿಸುತ್ತೆ. ಶೋರೂಮು, ಮನೆ, ಆಫೀಸು, ಮಗಳ ಸ್ಕೂಲ್ ಗೇಟು. ಮೈ ಉರಿಯೋಕೆ ಅಷ್ಟೇ ಸಾಕು.

ಡೀಲರ್ ಕಡೆಯವರ ಮೊದಲ ಉತ್ತರ: ‘ಸಾರ್, ಅದು ಫಾಸ್ಟ್ಯಾಗ್ ಇರ್ಬೇಕು, ಅದಕ್ಕೇ ಫೋನ್ ಹಂಗೆ ತೋರಿಸ್ತಿದೆ.’ ಫಾಸ್ಟ್ಯಾಗ್ ಅಂದ್ರೆ ಗಾಜಿಗೆ ಅಂಟಿಸೋ ಆರ್‌ಎಫ್‌ಐಡಿ ಸ್ಟಿಕ್ಕರ್ ಸ್ವಾಮಿ. ಅದರಲ್ಲಿ ಬ್ಯಾಟರಿ ಇಲ್ಲ, ಬ್ಲೂಟೂತ್ ಇಲ್ಲ. ಟೋಲ್ ರೀಡರ್ ಕೇಳಿದಾಗ ಮಾತ್ರ ಉತ್ತರ ಕೊಡುತ್ತೆ. ಗಾಡಿ ಮಾರಿಯೇ ಜೀವನ ಮಾಡೋರಿಗೆ ಇದು ಗೊತ್ತಿಲ್ವಾ?

ಎರಡನೇ ಉತ್ತರ: ‘ಪಕ್ಕದ ಗಾಡಿಯವರ ಇಯರ್‌ಫೋನ್ ಸಾರ್, ಇಗ್ನೋರ್ ಮಾಡಿ.’ ಸುಳ್ಳು ಅಲರ್ಟ್ ಬರೋದೇ ಇಲ್ಲ ಅಂತಲ್ಲ. ನೆಂಟರು ಹಿಂದಿನ ಸೀಟಲ್ಲಿ ಟ್ಯಾಗ್ ಹಾಕಿದ ಕೀ ಬಿಟ್ಟು ಹೋದರೂ ಬರುತ್ತೆ. ಆದರೆ ಟ್ಯಾಗ್ ತನ್ನ ಓನರ್‌ನಿಂದ ದೂರ ಇದ್ದು, ನಿಮ್ಮ ಜೊತೆ ಜೊತೆಗೇ ಓಡಾಡಿದಾಗ ಮಾತ್ರ ಫೋನ್ ಎಚ್ಚರಿಸೋದು. ಸಿಗ್ನಲ್‌ನಲ್ಲಿ ಪಕ್ಕ ನಿಂತು ಹೋದ ಗಾಡಿಯ ಇಯರ್‌ಫೋನ್ ಮಗಳ ಸ್ಕೂಲ್ ತನಕ ಬರಲ್ಲ.

ಹುಡುಕೋದು ಹೇಗೆ. ಬ್ಲೂಟೂತ್, ಲೊಕೇಶನ್ ಎರಡೂ ಆನ್ ಇರಲಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿ ಸೇಫ್ಟಿ ಅಂಡ್ ಎಮರ್ಜೆನ್ಸಿ, ಅದರೊಳಗೆ ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್ (ಕೆಲವು ಫೋನಲ್ಲಿ ಬೇರೆ ಕಡೆ ಇರುತ್ತೆ, ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಮಾಡಿ). ಆಂಡ್ರಾಯ್ಡ್ 6 ಮತ್ತು ಮೇಲಿನ ಫೋನಿಗೆ 2023ರಿಂದ ಈ ಸೌಲಭ್ಯ ಇದೆ. ‘ಸ್ಕ್ಯಾನ್ ನೌ’ ಒತ್ತಿದರೆ ಸುಮಾರು 10 ಸೆಕೆಂಡಿನಲ್ಲಿ ಹತ್ತಿರದ ಟ್ಯಾಗ್ ತೋರಿಸುತ್ತೆ. ಐಫೋನಿನಲ್ಲಾದರೆ ಬ್ಲೂಟೂತ್, ಲೊಕೇಶನ್ ಜೊತೆಗೆ ‘ಸಿಗ್ನಿಫಿಕೆಂಟ್ ಲೊಕೇಶನ್ಸ್’ ಮತ್ತು ‘ಟ್ರ್ಯಾಕಿಂಗ್ ನೋಟಿಫಿಕೇಶನ್ಸ್’ ಆನ್ ಇರಬೇಕು. ಏರ್‌ಪ್ಲೇನ್ ಮೋಡ್‌ನಲ್ಲಿ ಇದ್ದರೆ ಅಲರ್ಟ್ ಬರಲ್ಲ.

ಇಂಜಿನ್, ಎಸಿ, ಸ್ಟೀರಿಯೋ ಎಲ್ಲಾ ಆಫ್ ಮಾಡಿ, ಬಾಗಿಲು ಹಾಕಿ, ಆಮೇಲೆ ‘ಪ್ಲೇ ಸೌಂಡ್’ ಒತ್ತಿ. ಸದ್ದೇ ಬರಲಿಲ್ಲ ಅಂತ ಬಿಡಬೇಡಿ. ಏರ್‌ಟ್ಯಾಗ್‌ಗೆ ಬೇರೆ ಸ್ಪೀಕರ್ ಕೋನ್ ಇಲ್ಲ, ಅದರ ಬಿಳಿ ಪ್ಲಾಸ್ಟಿಕ್ ಚಿಪ್ಪೇ ನಡುಗಿ ಸದ್ದು ಮಾಡೋದು. ಬಿಗಿಯಾಗಿ ಟೇಪ್ ಸುತ್ತಿ ಫೋಮ್ ಒಳಗೆ ತುರುಕಿದರೆ ಇರುವೆ ಕೂಗಿದಷ್ಟು ಕೇಳುತ್ತೆ. ಇಲ್ಲಿ ಮಾಡಿದ್ದೂ ಅದನ್ನೇ. ಪ್ಯಾಸೆಂಜರ್ ಸೀಟಿಗೆ ಹಾಕಿದ್ದ ರೆಕ್ಸಿನ್ ಕವರ್‌ನ ಜಿಪ್ ಬಿಚ್ಚಿದರೆ, ಫೋಮಿನಲ್ಲಿ ಕತ್ತರಿಸಿದ ಸಣ್ಣ ಗುಳಿ, ಅದರೊಳಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ 32 ಮಿಲಿಮೀಟರ್ ಅಗಲದ ಬಿಲ್ಲೆ. ಜಾರಿ ಬಿದ್ದಿದ್ದಲ್ಲ ಸ್ವಾಮಿ, ಬ್ಲೇಡಲ್ಲಿ ಕೊಯ್ದು ಕೂರಿಸಿದ್ದು.

ಅಲ್ಲಿ ಇಲ್ಲದಿದ್ದರೆ ಹೆಡ್‌ರೆಸ್ಟ್ ಕವರ್, ಸ್ಟೆಪ್ನಿ ಗುಂಡಿ, ಗ್ಲೋವ್ ಬಾಕ್ಸ್ ಹಿಂದೆ, ಟೇಲ್ ಲ್ಯಾಂಪ್ ಸಂದು, ಬಂಪರ್ ಒಳಗಡೆ ನೋಡಿ. ಸುತ್ತಲೂ ಲೋಹ ಇದ್ದರೆ ಸಿಗ್ನಲ್ ಸಾಯುತ್ತೆ, ಹಾಗಾಗಿ ಪ್ಲಾಸ್ಟಿಕ್, ಬಟ್ಟೆ, ಫೋಮ್ ಇರೋ ಜಾಗವೇ ಟ್ಯಾಗ್ ಬಚ್ಚಿಡೋರಿಗೆ ಇಷ್ಟ.

ಸಿಕ್ಕಿದ್ದರ ಫೋಟೋ ಡೀಲರ್‌ಗೆ ಕಳಿಸಿದಾಗ ಬಂದ ಮೂರನೇ ಉತ್ತರ: ‘ಹಳೇ ಓನರ್ ಇಟ್ಟಿರ್ಬೇಕು, ನಮಗೆ ಗೊತ್ತೇ ಇಲ್ಲ. ಮೂರು ಸಾವಿರದ ಐಟಂ ಸಾರ್, ಫ್ರೀಯಾಗಿ ಇಟ್ಕೊಳ್ಳಿ.’ ಫ್ರೀಯಂತೆ! ಏರ್‌ಟ್ಯಾಗ್ ಒಬ್ಬರ ಆ್ಯಪಲ್ ಖಾತೆಗೆ ಸೇರಿದ ಮೇಲೆ ಅವರೇ ತೆಗೆಯುವ ತನಕ ಇನ್ನೊಬ್ಬರ ಹೆಸರಿಗೆ ಆಗೋದೇ ಇಲ್ಲ. ಇಟ್ಕೊಂಡರೆ ಅವರಿಗೇ ದಾರಿ ತೋರಿಸ್ತಾ ಇಟ್ಕೊಂಡ ಹಾಗೆ.

ಟೇಪ್ ಬಿಚ್ಚಿ, ಬಿಳಿ ಬದಿಯನ್ನು ಎನ್‌ಎಫ್‌ಸಿ (ತಾಗಿಸಿದರೆ ಓದೋ ಸೌಲಭ್ಯ) ಇರೋ ಫೋನಿನ ಬೆನ್ನಿಗೆ ಹಿಡಿಯಿರಿ (ಐಫೋನಾದರೆ ಮೇಲ್ತುದಿಗೆ). ಒಂದು ಪುಟ ತೆರೆಯುತ್ತೆ. ಅದರಲ್ಲಿ ಸೀರಿಯಲ್ ನಂಬರ್ ಇರುತ್ತೆ, ಜೊತೆಗೆ ನೋಂದಾಯಿಸಿದವರ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಆ ನಾಲ್ಕು ಅಂಕಿ ಡೆಲಿವರಿ ದಿನ ಸಿಹಿ ಡಬ್ಬಿ ಜೊತೆ ಕೊಟ್ಟ ವಿಸಿಟಿಂಗ್ ಕಾರ್ಡಲ್ಲಿ ಇದ್ದವು. ಅದೇ ಸೇಲ್ಸ್ ಎಕ್ಸಿಕ್ಯೂಟಿವ್. ಫಾಸ್ಟ್ಯಾಗ್ ಅಂದವನು. ಇಯರ್‌ಫೋನ್ ಅಂದವನು. ಹಳೇ ಓನರ್ ಅಂದವನು. ಇಷ್ಟು ಹೊತ್ತೂ ಅವನ ಫೋನಲ್ಲೇ ಗಾಡಿ ಕಾಣ್ತಾ ಇತ್ತು!

ಆಗ ಬಂದ ಉತ್ತರ: ‘ಟೆಸ್ಟ್ ಡ್ರೈವ್ ಕೊಡ್ತೀವಲ್ಲ, ಸ್ಟಾಕ್ ಗಾಡಿಗೆಲ್ಲಾ ಹಾಕ್ತೀವಿ. ತೆಗೆಯೋದು ಮರ್ತೋಗಿದೆ. ಇದನ್ನೇ ಇಷ್ಟು ದೊಡ್ಡದು ಮಾಡ್ತೀರಾ?’ ಕ್ಷಮೆ ಅನ್ನೋ ಪದ ಇಲ್ಲ. ಟ್ರ್ಯಾಕರ್ ಇಟ್ಟು ಗಾಡಿ ಮಾರಿ, ಡ್ಯೂಪ್ಲಿಕೇಟ್ ಕೀಯಲ್ಲಿ ವಾಪಸ್ ಕದ್ದ ಪ್ರಕರಣಗಳು ದೇಶದಲ್ಲಿ ಆಗಿವೆ. ದೊಡ್ಡದು ಮಾಡದೆ ಇನ್ನೇನು ಮಾಡಬೇಕು?

ಸ್ಕ್ರೀನ್‌ಶಾಟ್ ಮೊದಲು ಅಂದಿದ್ದು ಇದಕ್ಕೇ. ನೀವು ಫೋನ್ ಮಾಡಿದ ಕೂಡಲೇ ಅವರು ತಮ್ಮ ಖಾತೆಯಿಂದ ಟ್ಯಾಗ್ ಕಿತ್ತು ಹಾಕಬಹುದು, ಆಮೇಲೆ ಆ ನಾಲ್ಕು ಅಂಕಿ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಮ್ಯಾಪ್, ಸೀರಿಯಲ್, ಅಂಕಿ, ಟ್ಯಾಗ್ ಸಿಕ್ಕ ಜಾಗದ ಫೋಟೋ, ಎಲ್ಲಾ ಮೊದಲೇ ಇರಲಿ. ಆಮೇಲೆ ಸ್ಟೀಲ್ ಬದಿ ಒತ್ತಿ ಎಡಕ್ಕೆ ತಿರುಗಿಸಿ, ಸಿಆರ್2032 ಸೆಲ್ ತೆಗೆಯಿರಿ. ಸೀರಿಯಲ್ ಒಳಗೂ ಮುದ್ರಿಸಿರುತ್ತೆ. ಆದರೆ ಯಾರೋ ಬೇಕಂತಲೇ ಹಿಂದೆ ಬಿದ್ದಿದ್ದಾರೆ ಅನ್ನೋ ಭಯ ಇದ್ದರೆ, ಹೆಣ್ಣುಮಕ್ಕಳಿಗಂತೂ, ಸೆಲ್ ತೆಗೆಯೋ ಮೊದಲು 112ಕ್ಕೆ ಕರೆ ಮಾಡಿ. ಟ್ಯಾಗ್ ಸತ್ತರೆ ಇಟ್ಟವನಿಗೆ ಸುಳಿವು ಸಿಗುತ್ತೆ. ಟ್ಯಾಗ್ ಬಿಸಾಡಬೇಡಿ, ಪೊಲೀಸರು ಸೀರಿಯಲ್ ಕೊಟ್ಟು ಖಾತೆ ಯಾರದ್ದು ಅಂತ ಕಂಪನಿಯಿಂದ ಕೇಳಬಹುದು.

ಅಲರ್ಟ್ ಬರಲಿಲ್ಲ ಅಂತಲೂ ನಿಶ್ಚಿಂತೆ ಬೇಡ. ಸಿಮ್ ಹಾಕಿದ ಜಿಪಿಎಸ್ ಡಬ್ಬಿಯನ್ನು ಫೋನ್ ಈ ರೀತಿ ಹಿಡಿಯಲ್ಲ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟು (ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚೋ ಜಾಗ), ಬ್ಯಾಟರಿಗೆ ಎಳೆದ ಹೆಚ್ಚುವರಿ ವೈರು ನಂಬಿಕೆಯ ಎಲೆಕ್ಟ್ರಿಷಿಯನ್ ಹತ್ರ ತೋರಿಸಿ. ಡೆಲಿವರಿ ದಿನವೇ ಎರಡೂ ಕೀ ಕೇಳಿ ತಗೊಳ್ಳಿ. ಇಲ್ಲಿ ಎರಡನೇ ಕೀ ಇನ್ನೂ ಬಂದಿಲ್ಲ, ‘ಹಳೇ ಓನರ್ ಊರಲ್ಲಿಲ್ಲ ಸಾರ್, ಬಂದ ತಕ್ಷಣ ಕಳಿಸ್ತೀವಿ’ ಅನ್ನೋದೇ ನಡೀತಿದೆ. ಕಾಯದೆ ಲಾಕ್ ಸೆಟ್ ಬದಲಾಯಿಸಿ ಕೀ ಕೋಡಿಂಗ್ ಮಾಡಿಸೋಕೆ ಕೊಟ್ಟಾಗಿದೆ, ಬಿಲ್ ಅವರಿಗೇ ಕಳಿಸೋದು.