ಸಕ್ಕರೆ ಕಾಯಿಲೆಯವರ ವಸಡಿಗೆ ಖನಿಜ ಮಾತ್ರೆ: ಐದಕ್ಕೆ ಎರಡು ಅಂಕ

ಸತು (ಜಿಂಕ್), ಮೆಗ್ನೀಷಿಯಂ, ಕ್ರೋಮಿಯಂ, ಸೆಲೆನಿಯಂ ಎಲ್ಲ ಸೇರಿದ ಮಾತ್ರೆಗಳನ್ನು ವಸಡಿಗೂ ಒಳ್ಳೆಯದು, ಸಕ್ಕರೆಗೂ ಒಳ್ಳೆಯದು ಎಂದು ಮಾರುತ್ತಾರೆ. ಇವಕ್ಕೆ ಐದರಲ್ಲಿ ಎರಡೇ ಅಂಕ. ಆ ಎರಡು ಅಂಕವೂ ಖನಿಜದ ಕೊರತೆ ಇರುವವರ ಲೆಕ್ಕದಲ್ಲಿ ಮಾತ್ರ.

ಆರೋಗ್ಯವಾಗಿರುವ ವಸಡು ಹಲ್ಲಿನ ಸುತ್ತ 1ರಿಂದ 3 ಮಿಲಿಮೀಟರ್ ಆಳದ ಸಂದು ಬಿಟ್ಟಿರುತ್ತದೆ. ರೋಗ ಬಂದಾಗ ಅದು 4 ಅಥವಾ ಅದಕ್ಕೂ ಹೆಚ್ಚಾಗಿ ಚೀಲದಂತಾಗುತ್ತದೆ. ಅದರ ತಳದಲ್ಲಿ ಬೇರಿಗೆ ಅಂಟಿ ಕಲ್ಲಾದ ಕಿಟ್ಟ, ಮೇಲೆ ಬ್ಯಾಕ್ಟೀರಿಯಾದ ಪದರ. ಹೊಟ್ಟೆಗೆ ಹೋದ ಯಾವ ಖನಿಜವೂ ಆ ಕಿಟ್ಟವನ್ನು ಕಿತ್ತು ತರುವುದಿಲ್ಲ. ದಂತವೈದ್ಯರು ಸ್ಕೇಲಿಂಗ್ ಮಾಡಿ, ಅಂದರೆ ಕಿಟ್ಟ ಕೆರೆದು ತೆಗೆದು, ಬೇರು ನಯಗೊಳಿಸಲೇಬೇಕು. ಅದರಿಂದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಕೂಡ ಸರಾಸರಿ 0.4 ಶೇಕಡಾ ಅಂಶದ ಆಸುಪಾಸು ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆಗೆ ಇಂಥ ಗಟ್ಟಿ ಪುರಾವೆ ಇಲ್ಲ.

ಹಾಗಾದರೆ ಖನಿಜದ ಮಾತು ಬಂದದ್ದೇಕೆ? ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಮೆಗ್ನೀಷಿಯಂ ಮತ್ತು ಸತು ಮೂತ್ರದಲ್ಲಿ ಹೆಚ್ಚು ಹೋಗುತ್ತವೆ. ಗಾಯ ಮಾಯಲು ಸತು ಬೇಕು. ಕೊರತೆ ಇದ್ದರೆ ತುಂಬಿಸುವುದು ಸರಿ. ಆದರೆ ದೇಹದ ಮೆಗ್ನೀಷಿಯಂನಲ್ಲಿ ಶೇ. 1ರಷ್ಟೂ ರಕ್ತದ ಸೀರಂನಲ್ಲಿರುವುದಿಲ್ಲ. ಹಾಗಾಗಿ ವರದಿ ಸರಿಯಿದ್ದರೂ ಒಳಗೆ ಕೊರತೆ ಇರಬಹುದು. ಆಹಾರ, ಮೂತ್ರಪಿಂಡ, ಆಸಿಡಿಟಿ ಮಾತ್ರೆಗಳು, ಎಲ್ಲವನ್ನೂ ವೈದ್ಯರ ಮುಂದಿಟ್ಟು ನಿರ್ಧರಿಸಬೇಕು.

ಲೇಬಲ್ ಓದುವಾಗಲೇ ಹೆಚ್ಚಿನವರು ಎಡವುತ್ತಾರೆ. ‘ಸತು ಗ್ಲುಕೋನೇಟ್ 50 ಮಿಗ್ರಾಂ’ ಎಂದಿದ್ದರೆ ಅದು ಇಡೀ ಲವಣದ ತೂಕ, ಅದರಲ್ಲಿ ನಿಜವಾದ ಸತು ಸುಮಾರು 7 ಮಿಗ್ರಾಂ ಮಾತ್ರ. ‘ಸತುವಾಗಿ 50 ಮಿಗ್ರಾಂ’ ಎಂದಿದ್ದರೆ ಅದು ದೊಡ್ಡವರ ದಿನದ ಮೇಲ್ಮಿತಿ 40 ಮಿಗ್ರಾಂ ಅನ್ನು ಆಗಲೇ ದಾಟಿದೆ. ತಿಂಗಳುಗಟ್ಟಲೆ ಹೆಚ್ಚು ಸತು ತಿಂದರೆ ತಾಮ್ರ ಕಡಿಮೆಯಾಗಿ ರಕ್ತಹೀನತೆ, ಕಾಲು ಜೋಮು. ಆ ಜೋಮನ್ನು ಸಕ್ಕರೆಯ ನರಬಾಧೆ ಎಂದೇ ಎಲ್ಲರೂ ತಿಳಿಯುವುದು ಇಲ್ಲಿನ ದೊಡ್ಡ ಅಪಾಯ. ಕೆಲವು ಕಟ್ಟುಹಲ್ಲಿನ ಅಂಟಿನಲ್ಲೂ ಸತು ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ತಪ್ಪು ವಸಡಿನ ಚಿಕಿತ್ಸೆಯನ್ನೇ ಕೆಡಿಸುತ್ತದೆ. ಈ ರೋಗಕ್ಕೆ ಕೆಲವೊಮ್ಮೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬರೆದುಕೊಡುತ್ತಾರೆ. ಸತು, ಮೆಗ್ನೀಷಿಯಂ, ಕ್ಯಾಲ್ಸಿಯಂ, ಕಬ್ಬಿಣ ಕರುಳಲ್ಲಿ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಔಷಧಿ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಇದ್ದರೆ ಖನಿಜ ಮಾತ್ರೆ ಮಧ್ಯಾಹ್ನ ಊಟದ ಜೊತೆಗಿರಲಿ. ಸತುವನ್ನು ಖಾಲಿ ಹೊಟ್ಟೆಗೆ ತಿಂದರೆ ವಾಕರಿಕೆ ಬರುವುದರಿಂದಲೂ ಇದೇ ಒಳ್ಳೆಯ ಹೊತ್ತು.

ಮೆಗ್ನೀಷಿಯಂನಲ್ಲಿ ಸಿಟ್ರೇಟ್ ರೂಪವನ್ನು ದೇಹ ಆಕ್ಸೈಡ್‌ಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಾತ್ರೆಯಿಂದ ದಿನಕ್ಕೆ 350 ಮಿಗ್ರಾಂ ಮೀರಿದರೆ ಭೇದಿ ಆಗಬಹುದು. ಮೂತ್ರಪಿಂಡ ಸೋತವರಿಗೆ ಇದು ರಕ್ತದಲ್ಲಿ ಜಮೆಯಾಗುತ್ತದೆ, ವೈದ್ಯರು ಹೇಳದೆ ಮುಟ್ಟಲೇಬಾರದು. ಕ್ರೋಮಿಯಂಗೆ ಪುರಾವೆ ತೆಳು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇನ್ನಷ್ಟು ಕುಸಿಯಬಹುದು. ಸೆಲೆನಿಯಂ ಇರುವ ಡಬ್ಬಿ ಬೇಡವೇ ಬೇಡ ಎನ್ನಬೇಕು: ದಿನಕ್ಕೆ 200 ಮೈಕ್ರೋಗ್ರಾಂ ಕೊಟ್ಟ ಒಂದು ದೊಡ್ಡ ಪ್ರಯೋಗದ 2007ರ ವರದಿಯಲ್ಲಿ, ಅದನ್ನು ತಿಂದವರಲ್ಲೇ ಟೈಪ್ 2 ಡಯಾಬಿಟಿಸ್ ಹೆಚ್ಚು ಕಂಡಿತ್ತು. ಚೀಪುವ, ಜಗಿಯುವ ಮಾತ್ರೆಗಳಲ್ಲಿ ಸಕ್ಕರೆ ಇದೆಯೇ ಎಂದೂ ನೋಡಿ. ಹಲ್ಲಿಗೆ ಅಂಟುವ ಸಕ್ಕರೆ ಎರಡೂ ಕಾಯಿಲೆಗೆ ಕೆಟ್ಟದ್ದು.

ಕೊರತೆ ಖಚಿತವಾಗಿ ಮಾತ್ರೆ ಶುರು ಮಾಡಿದ್ದರೆ, ಸ್ಕೇಲಿಂಗ್ ಆಗಿ ಮೂರು ತಿಂಗಳಿಗೆ ಸಂದಿನ ಆಳವನ್ನು ಮತ್ತೆ ಅಳೆಸಿ, ಎಚ್‌ಬಿಎ1ಸಿಯನ್ನೂ ಮಾಡಿಸಿ. ಆಳ ಇಳಿದಿಲ್ಲವೆಂದರೆ ಮಾತ್ರೆಯ ಪ್ರಮಾಣ ಏರಿಸಬೇಡಿ. ಒಳಗೆ ಕಿಟ್ಟ ಉಳಿದಿದೆಯೇ, ಹಲ್ಲುಗಳ ನಡುವೆ ಸಣ್ಣ ಬ್ರಷ್ ದಿನಾ ಆಡುತ್ತಿದೆಯೇ, ಬೀಡಿ ಸಿಗರೇಟು ನಿಂತಿದೆಯೇ ಎಂದು ದಂತವೈದ್ಯರ ಜೊತೆ ಮೊದಲು ನೋಡಿಕೊಳ್ಳಿ.