ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ಮತ್ತು ತುಮಕೂರಿನ ಒಂದು ದುರಸ್ತಿ ಅಂಗಡಿ

ತುಮಕೂರಿನ ಸೋಮೇಶ್ವರಪುರಂ ಕಡೆಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ದೊರೆತ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಕೆಲಸ. ಅದಕ್ಕೆಂದು ಬೆಂಗಳೂರಿನಲ್ಲಿ ಜೋಡಿಸಿಕೊಟ್ಟ ಸಿಸ್ಟಂನಲ್ಲಿ ರೈಜೆನ್ 5 5600ಎಕ್ಸ್ ಪ್ರೊಸೆಸರ್ ಇದ್ದು, ಅದರ ಆರೂ ಕೋರ್‌ಗಳನ್ನು (ಒಳಗಿನ ಲೆಕ್ಕ ಮಾಡುವ ಘಟಕಗಳನ್ನು) ಓವರ್‌ಕ್ಲಾಕ್ ಮಾಡಿ, ಎಂದರೆ ಮಾಮೂಲಿಗಿಂತ ಹೆಚ್ಚಿನ ವೇಗಕ್ಕೆ ಹೊಂದಿಸಿ, 4.6 ಗಿಗಾಹರ್ಟ್ಸ್‌ಗೆ ಏರಿಸಿ 1.40 ವೋಲ್ಟ್ ಕಾಯಂ ಮಾಡಿಟ್ಟಿದ್ದರು. ತಯಾರಕ ಕಂಪನಿ ಎಎಂಡಿಯೇ ಹೇಳುವ ಗರಿಷ್ಠ ಬೂಸ್ಟ್ ವೇಗ ಕೂಡ 4.6 ಎಂಬುದು ನಿಜವಾದರೂ, ಅದು ಕಡಿಮೆ ಹೊರೆಯಿರುವಾಗ ಕೋರ್ ಮುಟ್ಟಬಹುದಾದ ವೇಗವೇ ಹೊರತು ಆರೂ ಕೋರ್‌ಗಳು ಗಂಟೆಗಟ್ಟಲೆ ಒಟ್ಟಿಗೆ ಓಡಬೇಕಾದ ವೇಗವಲ್ಲ. ಬೇಸಿಗೆ ಕಾಲಿಟ್ಟಂತೆ ರೆಂಡರಿಂಗ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವ ಕೆಲಸ) ಮಧ್ಯದಲ್ಲೇ ಸಿಸ್ಟಂ ರೀಸ್ಟಾರ್ಟ್ ಆಗತೊಡಗಿತು. ಕೇಳಿದವರೆಲ್ಲ ಸ್ಟೆಬಿಲೈಸರ್ ಹಾಕಿಸಿ ಎಂದರು, ಇಲ್ಲವೇ ವಾಟರ್ ಕೂಲರ್ ಕೊಳ್ಳಿ ಎಂದರು.

ಈ ಅಂಗಡಿಯವರು ಎರಡನ್ನೂ ಮಾರಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) 100ರಿಂದ 240 ವೋಲ್ಟ್‌ವರೆಗಿನ ಕರೆಂಟನ್ನು ತಾಳಿಕೊಳ್ಳುತ್ತದೆ, ಮನೆಗೆ ಬರುವ ವೋಲ್ಟೇಜ್ ಸ್ವಲ್ಪ ಏರಿಳಿದರೆ ಪ್ರೊಸೆಸರ್‌ಗೆ ಸಿಗುವ ಒಂದು ಚಿಲ್ಲರೆ ವೋಲ್ಟ್ ಅಲುಗುವುದಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. "ಸರ್, ಕೂಲರ್ ಆಮೇಲೆ ನೋಡೋಣ, ಮೊದಲು ಎಷ್ಟು ವೋಲ್ಟ್ ತಗೋತಿದೆ ನೋಡೋಣ" ಎಂದು ಅಲ್ಲಿಯ ತಂತ್ರಜ್ಞರು ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಸೆಟ್ಟಿಂಗ್‌ಗಳ ಫೋಟೊ ತೆಗೆದಿಟ್ಟುಕೊಂಡು, ಎಲ್ಲವನ್ನೂ ಡೀಫಾಲ್ಟ್‌ಗೆ ತಂದು ಪ್ರೊಸೆಸರ್‌ಗೆ ಪೂರ್ಣ ಹೊರೆ ಕೊಡುವ ಸಿನೆಬೆಂಚ್ ಪರೀಕ್ಷೆ ಓಡಿಸಿದರು. ರೀಸ್ಟಾರ್ಟ್ ಆಗಲಿಲ್ಲ. ಹಾಗಾಗಿ ಬಿಡಿಭಾಗಗಳ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು.

ಹಳೆಯ ಸೆಟ್ಟಿಂಗ್‌ಗಳನ್ನು ಮತ್ತೆ ಹಾಕಿ ಇನ್ನೂ ಕಠಿಣವಾದ ಪ್ರೈಮ್95 ಪರೀಕ್ಷೆ ಓಡಿಸಿದಾಗ ಅಸಲು ವಿಷಯ ಹೊರಬಿತ್ತು. ಬಯೋಸ್‌ನಲ್ಲಿ 1.40 ಎಂದಿದ್ದರೂ ಹೊರೆ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತಿತ್ತು, ಉಷ್ಣತೆ 92 ಡಿಗ್ರಿಗೆ ಏರುತ್ತಿತ್ತು. ಈ ಪ್ರೊಸೆಸರ್‌ಗೆ ಎಎಂಡಿ ಹೇಳಿರುವ ಮಿತಿ 95. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್) ದೋಷಗಳು ಸಾಲಾಗಿ ದಾಖಲಾಗಿದ್ದವು. ಕುಸಿತವನ್ನು ತಡೆಯಲು ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಬಯೋಸ್ ಸೆಟ್ಟಿಂಗ್ ಅನ್ನು ಕೊನೆಯ ಹಂತಕ್ಕೆ ಏರಿಸುವುದು ಸುಲಭದ ದಾರಿ. ಆದರೆ ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ನಿಗದಿತ ಮಟ್ಟವನ್ನೂ ಮೀರಿ ಚಿಮ್ಮುವ ಅಪಾಯವಿರುವುದರಿಂದ ಅವರು ಅದನ್ನು ಮಧ್ಯದ ಹಂತದಲ್ಲೇ ಬಿಟ್ಟರು. ವೋಲ್ಟ್ ಹೆಚ್ಚಿಸಿದರೆ ಬಿಸಿ ಹೆಚ್ಚುತ್ತದೆ, ಬಿಸಿಯಾದ ಚಿಪ್ ಅದೇ ವೇಗಕ್ಕೆ ಇನ್ನಷ್ಟು ವೋಲ್ಟ್ ಬೇಡುತ್ತದೆ. ನನ್ನ ಸಿಸ್ಟಂ ಸಿಕ್ಕಿಬಿದ್ದದ್ದು ಈ ಸುಳಿಯಲ್ಲಿ.

ಕೊನೆಗೆ ನಿಲ್ಲಿಸಿದ್ದು 4.4 ಗಿಗಾಹರ್ಟ್ಸ್, 1.25 ವೋಲ್ಟ್‌ನಲ್ಲಿ. ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜ್‌ನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ವೇಗದಲ್ಲಿ ಕಳೆದುಕೊಂಡದ್ದು ಶೇ 4ರಷ್ಟಾದರೆ, ವಿದ್ಯುತ್ತಿನಲ್ಲಿ ಉಳಿದದ್ದು ಹೆಚ್ಚುಕಡಿಮೆ ಕಾಲುಭಾಗ. ಅದೇ ಕೂಲರ್, ಅದೇ ಪರೀಕ್ಷೆ, ಉಷ್ಣತೆ ಮಾತ್ರ 77 ಡಿಗ್ರಿ. ಎರಡು ಗಂಟೆಯ ಮುಹೂರ್ತದ ವಿಡಿಯೊ ರೆಂಡರ್ ಆಗಲು ಕೆಲವು ನಿಮಿಷ ಹೆಚ್ಚು ಬೇಕಾಗುತ್ತದೆ, ಅದಕ್ಕೆ ಗಿರಾಕಿಗಳ ತಕರಾರೇನೂ ಇಲ್ಲ.

ಕೈಚಳಕದ ಬಗ್ಗೆಯೂ ಒಂದು ಮಾತು ಹೇಳಬೇಕು. ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸುವ ಲೇಪ) ಬದಲಿಸುವ ಮುನ್ನ ಅವರು ಕೆಲವು ನಿಮಿಷ ಪ್ರೊಸೆಸರ್ ಅನ್ನು ಬಿಸಿ ಮಾಡಿ, ಸಿಸ್ಟಂ ಆಫ್ ಮಾಡಿ, ಕೂಲರನ್ನು ಎತ್ತದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲಿಸಿಕೊಂಡರು. ಈ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಅಡಿಯಲ್ಲಿ. ಒಣಗಿದ ಪೇಸ್ಟ್ ಹಿಡಿದುಕೊಂಡಿರುವಾಗ ಜೋರಾಗಿ ಎಳೆದರೆ ಪ್ರೊಸೆಸರ್ ಕೂಡ ಕಿತ್ತು ಬಂದು ಪಿನ್ ಬಾಗುತ್ತದೆ. ಇಷ್ಟು ಎಚ್ಚರ ವಹಿಸುವವರನ್ನು ನಾನು ಹೆಚ್ಚು ಕಂಡಿಲ್ಲ.

ಕೊರತೆಗಳಿಲ್ಲವೆಂದಲ್ಲ. ಪರೀಕ್ಷೆಯನ್ನೆಲ್ಲ ಬೆಳಗಿನ ತಂಪಿನಲ್ಲಿ, ಫ್ಯಾನಿನಡಿಯಲ್ಲಿ, ಸುಮಾರು 30 ಡಿಗ್ರಿಯ ಕೋಣೆಯಲ್ಲಿ ಮಾಡಿದರು. ಕೂಲರ್ ಎಂಥದ್ದೇ ಇರಲಿ, ಕೋಣೆಯ ಗಾಳಿ ಏರಿದಷ್ಟೇ ಪ್ರೊಸೆಸರ್‌ನ ಉಷ್ಣತೆಯೂ ಸರಿಸುಮಾರು ಏರುತ್ತದೆ. ತಾರಸಿಯ ಕೆಳಗಿನ ನನ್ನ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಅದೇ ಪರೀಕ್ಷೆ 84 ತೋರಿಸಿತು. ಅಪಾಯವಿಲ್ಲ, ಆದರೆ ಇದನ್ನು ಅವರೇ ಮೊದಲು ಹೇಳಬಹುದಿತ್ತು. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಎಎಂಡಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನೂ ನಾನು ಕೇಳಿದ ಮೇಲೆಯೇ ತಿಳಿಸಿದರು. ಹೊಸ ಸೆಟ್ಟಿಂಗ್‌ಗಳನ್ನು ಬರೆದುಕೊಡುವ ಪದ್ಧತಿಯೂ ಅಲ್ಲಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೆ ಇವೆಲ್ಲ ಅಳಿಸಿಹೋಗಬಹುದಾದ್ದರಿಂದ, ಅಲ್ಲಿಗೆ ಹೋಗುವವರು ವೇಗ, ವೋಲ್ಟೇಜ್, ಲೋಡ್‌ಲೈನ್ ಹಂತ ಈ ಮೂರನ್ನೂ ಬಿಲ್ಲಿನ ಹಿಂದೆ ಬರೆಸಿಕೊಂಡೇ ಬರಬೇಕು.