649 ರೂಪಾಯಿ ಡಬ್ಬಿ ಮತ್ತು ಪೆಟ್ರೋಲ್‌ಗೆ ಬಂದರೆ ಜಗ್ಗುತ್ತಿದ್ದ ನನ್ನ ಸಿಎನ್‌ಜಿ ಕಾರು

ಇದು ಒಬಿಡಿ ಸ್ಕ್ಯಾನರ್ ಬಗ್ಗೆ, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್, ನಂಬರ್‌ಗಳನ್ನು ಫೋನಿನಲ್ಲಿ ತೋರಿಸುವ ಸಾಧನ. ಆನ್‌ಲೈನ್‌ನಲ್ಲಿ ಐನೂರು, ಸಾವಿರಕ್ಕೆಲ್ಲ ಸಿಗುತ್ತದಲ್ಲ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ ಇರುವ ನೀಲಿ ಬ್ಲೂಟೂತ್ ಡಬ್ಬಿ, ಅದೇ. ಇಎಲ್‌ಎಂ 327 ಅಂತ ಹುಡುಕಿದರೆ ಸಾಲುಸಾಲು ಬರುತ್ತವೆ, ಎಲ್ಲವೂ ಒಂದೇ ಥರ. ನಾನು 649 ಕೊಟ್ಟೆ. ಅದಕ್ಕೂ ಮೊದಲು ಎರಡು ಗ್ಯಾರೇಜಿನಲ್ಲಿ ಐದು ಸಾವಿರದ ಮೇಲೆ ಇಟ್ಟು ಬಂದಿದ್ದೆ. 5ಕ್ಕೆ 4 ಅಂಕ ಕೊಡುತ್ತೇನೆ. ಒಂದು ಯಾಕೆ ಕಟ್ ಅಂತ ಆಮೇಲೆ ಹೇಳುತ್ತೇನೆ.

ಕಾರು 2018ರದ್ದು, 1.2 ಲೀಟರ್ ಪೆಟ್ರೋಲ್. ತುಮಕೂರಿನಿಂದ ಬೆಂಗಳೂರಿಗೆ ವಾರಕ್ಕೆ ಮೂರು ದಿನ ಓಡಾಟ. ಪೆಟ್ರೋಲ್ ಖರ್ಚು ತಡೆಯಲಾರದೆ ಹೊರಗಡೆ ಸೀಕ್ವೆನ್ಷಿಯಲ್ ಸಿಎನ್‌ಜಿ ಕಿಟ್ ಹಾಕಿಸಿದೆ. ಡಿಕ್ಕಿಯಲ್ಲಿ 60 ಲೀಟರ್ ಸಿಲಿಂಡರ್, ಸ್ಟೇರಿಂಗ್ ಪಕ್ಕ ಒಂದು ಬಟನ್. ಒತ್ತಿದರೆ ಗ್ಯಾಸ್, ಮತ್ತೆ ಒತ್ತಿದರೆ ಪೆಟ್ರೋಲ್. ಎರಡು ವರ್ಷ ಬಂಕಿನ ಕ್ಯೂ ಬಿಟ್ಟರೆ ಬೇರೆ ತಕರಾರಿರಲಿಲ್ಲ.

ಶ್ರಾವಣದ ಒಂದು ಶನಿವಾರ ದೇವರಾಯನದುರ್ಗಕ್ಕೆ ಹೊರಟೆವು, ಹಿಂದಿನ ಸೀಟಿನಲ್ಲಿ ಅತ್ತೆ. ಗ್ಯಾಸಿನಲ್ಲಿ ಏರು ಎಳೆಯೋದು ಕಷ್ಟ ಅಂತ ಘಾಟಿ ಶುರುವಾಗುವ ಕಡೆ ಪೆಟ್ರೋಲ್‌ಗೆ ಹಾಕಿದೆ. ಆಗ ಶುರುವಾಯಿತು ನೋಡಿ. ಆಕ್ಸಿಲರೇಟರ್ ತುಳಿದರೆ ಗಾಡಿ ಮುಂದೆ ಹೋಗುವುದರ ಬದಲು ಜಗ್ಗುತ್ತದೆ, ಸೆಕೆಂಡ್ ಗೇರಿನಲ್ಲೂ ಪಿಕಪ್ ಇಲ್ಲ, ಒಳಗೆಲ್ಲ ಪೆಟ್ರೋಲ್ ವಾಸನೆ. "ಏನಪ್ಪಾ, ಎತ್ತಿನ ಗಾಡೀಲಿ ಕೂತಂಗಾಯ್ತಲ್ಲ" ಅಂದರು ಅತ್ತೆ. ಮೇಲೆ ಹೋಗಿ ಸೈಲೆನ್ಸರ್ ತುದಿಗೆ ಬೆರಳು ಹಾಕಿ ನೋಡಿದರೆ ಕಾಡಿಗೆ ಥರ ಮಸಿ. ಚೆಕ್ ಎಂಜಿನ್ ಲೈಟ್ ಬೇರೆ ಉರಿಯುತ್ತಿತ್ತು.

ವಿಚಿತ್ರ ಏನೆಂದರೆ, ಇಳಿದು ಬಂದು ಹತ್ತು ಹದಿನೈದು ಕಿಲೋಮೀಟರ್ ಪೆಟ್ರೋಲ್‌ನಲ್ಲೇ ಓಡಿಸಿದ ಮೇಲೆ ಗಾಡಿ ಸರಿಹೋಯಿತು. ಗ್ಯಾಸಿನಲ್ಲಂತೂ ಮೊದಲಿಂದಲೂ ಸರಿಯಾಗೇ ಓಡುತ್ತಿತ್ತು. ತೊಂದರೆ ಇದ್ದದ್ದು ಗ್ಯಾಸಿನಿಂದ ಪೆಟ್ರೋಲ್‌ಗೆ ಬಂದ ಮೊದಲ ಕೆಲವು ನಿಮಿಷ ಮಾತ್ರ.

ಮೊದಲನೇ ಗ್ಯಾರೇಜಿನವರು "ಈಗಿನ ಪೆಟ್ರೋಲೇ ಸರಿ ಇಲ್ಲ ಸಾರ್, ಎಥೆನಾಲ್ ಜಾಸ್ತಿ" ಅಂತ ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಚಿಮ್ಮಿಸುವ ನಳಿಕೆ) ಕ್ಲೀನ್ ಮಾಡಿ, ಹೊಸ ಪ್ಲಗ್ ಹಾಕಿ, 2,800 ತೆಗೆದುಕೊಂಡರು. ಎರಡು ದಿನ ಸರಿ ಇತ್ತು, ಮೂರನೇ ದಿನ ಮತ್ತೆ ಅದೇ ಕಥೆ. ಎರಡನೆಯವರು ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ತೊಳೆದು 2,400 ಬಿಲ್ ಮಾಡಿದರು. ಮತ್ತೆ ಎರಡು ದಿನ ಸರಿ, ಮತ್ತೆ ಅದೇ. ಕೊನೆಗೆ ಅವರು "ಪೆಟ್ರೋಲ್ ಪಂಪ್ ವೀಕ್, ಬದಲಾಯಿಸಬೇಕು, ಆರು ಸಾವಿರ ಆಗುತ್ತೆ" ಅಂದಾಗ ನನಗೆ ಅನುಮಾನ ಬಂತು. ಪಂಪ್ ವೀಕಾದರೆ ಪೆಟ್ರೋಲ್ ಕಮ್ಮಿ ಬರಬೇಕು. ಸೈಲೆನ್ಸರ್‌ನಲ್ಲಿ ಮಸಿ ಹೇಗೆ ಬರುತ್ತದೆ? ಲೈಟಿಗೆ ಯಾವ ಕೋಡ್ ಬಂದಿತ್ತು ಅಂತ ಇಬ್ಬರೂ ಹೇಳಲಿಲ್ಲ, ಅಳಿಸಿ ಕಳಿಸಿದ್ದರು ಅಷ್ಟೇ.

ಸರಿ, ಡಬ್ಬಿ ತರಿಸಿದೆ.

ಸ್ಟೇರಿಂಗ್ ಕೆಳಗೆ, ಬಾನೆಟ್ ಲಿವರ್ ಹತ್ತಿರ, 16 ಪಿನ್ನಿನ ಸಾಕೆಟ್ ಇರುತ್ತದೆ. ಅಲ್ಲಿಗೆ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿನಲ್ಲಿ ಬ್ಲೂಟೂತ್ ಜೋಡಿಸಬೇಕು, ಪಿನ್ 1234. ಟಾರ್ಕ್ ಅನ್ನುವ ಆ್ಯಪ್‌ನ ಉಚಿತ ಆವೃತ್ತಿ ಹಾಕಿಕೊಂಡೆ. ಮೊದಲ ಸಲ ಕನೆಕ್ಟ್ ಆಗಲಿಲ್ಲ, ತೆಗೆದು ಮತ್ತೆ ಚುಚ್ಚಿದೆ, ಆಯಿತು. ಕೋಡ್ ಬಂತು: ಪಿ0171. ಅಂದರೆ ಮಿಶ್ರಣದಲ್ಲಿ ಇಂಧನ ಕಮ್ಮಿ, ಗಾಳಿ ಜಾಸ್ತಿ. ಮಸಿ ನೋಡಿದರೆ ಇಂಧನ ಜಾಸ್ತಿ ಅನ್ನುತ್ತದೆ, ಕೋಡ್ ನೋಡಿದರೆ ಕಮ್ಮಿ ಅನ್ನುತ್ತದೆ! ಇಲ್ಲೇ ಇಡೀ ಗುಟ್ಟು ಇದ್ದದ್ದು.

ಹೊರಗಡೆ ಹಾಕಿಸಿದ ಕಿಟ್‌ನಲ್ಲಿ ಕಾರಿನ ಮೂಲ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಗ್ಯಾಸ್ ವಿಷಯವೇ ಗೊತ್ತಿರುವುದಿಲ್ಲ. ಅದು ಪೆಟ್ರೋಲ್ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು ಅಂತ ಹೇಳುತ್ತಾ ಹೋಗುತ್ತದೆ, ಕಿಟ್‌ನ ಜೊತೆ ಬಂದ ಗ್ಯಾಸ್ ಇಸಿಯು ಅದನ್ನು ಕದ್ದು ಕೇಳಿಸಿಕೊಂಡು, ಲೆಕ್ಕ ಹಾಕಿ, ಗ್ಯಾಸ್ ಇಂಜೆಕ್ಟರ್ ತೆರೆಯುತ್ತದೆ. ಸುಟ್ಟ ಹೊಗೆಯನ್ನು ಆಕ್ಸಿಜನ್ ಸೆನ್ಸರ್ ನೋಡಿ ಹೆಚ್ಚುಕಮ್ಮಿ ಹೇಳಿದರೆ ಮೂಲ ಇಸಿಯು ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಗೇ ಫ್ಯುಯೆಲ್ ಟ್ರಿಮ್ ಅನ್ನುತ್ತಾರೆ. ಶಾರ್ಟ್ ಟರ್ಮ್ ಅಂದರೆ ರುಚಿ ನೋಡಿ ಈಗಿಂದೀಗ ಹಾಕುವ ಚಿಟಿಕೆ ಉಪ್ಪು. ಲಾಂಗ್ ಟರ್ಮ್ ಅಂದರೆ "ಈ ಡಬ್ಬದ ಉಪ್ಪು ಸಪ್ಪೆ, ಯಾವಾಗಲೂ ಒಂದು ಚಮಚ ಜಾಸ್ತಿ ಹಾಕಬೇಕು" ಅಂತ ಕೈಗೆ ಆದ ಅಭ್ಯಾಸ. ಒಂದು ದಿನ ಯಾರೋ ಡಬ್ಬಕ್ಕೆ ಬೇರೆ ಉಪ್ಪು ತುಂಬಿಟ್ಟಿರುತ್ತಾರೆ, ಕೈ ಮಾತ್ರ ಹಳೇ ಅಳತೆಯಲ್ಲೇ ಹಾಕುತ್ತದೆ. ಸಾರು ಬಾಯಿಗಿಡಲು ಆಗುವುದಿಲ್ಲ, ಅಲ್ವಾ? ನನ್ನ ಕಾರಿಗೆ ಆಗಿದ್ದು ಅದೇ.

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರ ಟೋಲ್ ದಾಟಿ ಡಾಬಸ್‌ಪೇಟೆ ಕಡೆ ಹೊರಟೆವು. ನಾನು ಓಡಿಸುವುದು, ಹೆಂಡತಿ ಫೋನ್ ನೋಡಿ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುವುದು. (ಓಡಿಸುತ್ತಾ ನೀವೇ ಫೋನ್ ನೋಡಬೇಡಿ.) ಪೆಟ್ರೋಲ್‌ನಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಲಾಂಗ್ ಟರ್ಮ್ +3, ಅಂದರೆ ಇಂಧನ ಮೂರು ಪರ್ಸೆಂಟ್ ಮಾತ್ರ ಜಾಸ್ತಿ ಹಾಕುತ್ತಿದೆ. ಚಿನ್ನದಂಥ ನಂಬರ್. ಹತ್ತರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗ್ಯಾಸಿಗೆ ಹಾಕಿದೆ. +9, +14, +18... ವಾಪಸ್ ಬರುವಷ್ಟರಲ್ಲಿ +21. ಅಂದರೆ ಗ್ಯಾಸ್ ಸಾಲುತ್ತಿಲ್ಲ, ಪಾಪ ಇಸಿಯು ಎಳೆದೆಳೆದು ಸರಿದೂಗಿಸುತ್ತಿದೆ, ಅದಕ್ಕೇ ನನಗೆ ಗ್ಯಾಸಿನಲ್ಲಿ ತೊಂದರೆಯೇ ಕಾಣುತ್ತಿರಲಿಲ್ಲ. ಪೆಟ್ರೋಲ್‌ಗೆ ಬಟನ್ ಒತ್ತಿದ ತಕ್ಷಣ ಶಾರ್ಟ್ ಟರ್ಮ್ ಧಡಕ್ಕನೆ ‑19ಕ್ಕೆ ಬಿತ್ತು. "ಮೈನಸ್ ಆಯ್ತು ರೀ" ಅಂದಳು, ಅಷ್ಟರಲ್ಲಿ ಗಾಡಿ ಜಗ್ಗಿತು. ಗ್ಯಾಸಿನಲ್ಲಿ ಕಲಿತ ಇಪ್ಪತ್ತು ಪರ್ಸೆಂಟ್ ಜಾಸ್ತಿಯನ್ನು ಪೆಟ್ರೋಲ್‌ಗೂ ಹಾಕುತ್ತಿತ್ತು. ಸಮತಟ್ಟು ರಸ್ತೆಯಲ್ಲಾದರೆ ಸೆನ್ಸರ್ ಹೇಳಿ ಹೇಳಿ ನಿಧಾನಕ್ಕೆ ಸರಿಮಾಡುತ್ತದೆ. ಏರಿನಲ್ಲಿ ಪೂರ್ತಿ ತುಳಿದಾಗ ಇಸಿಯು ಸೆನ್ಸರ್ ಮಾತು ಕೇಳುವುದಿಲ್ಲ, ಅಭ್ಯಾಸದ ಅಳತೆಯಲ್ಲೇ ಸುರಿಯುತ್ತದೆ. ಕೋಡ್ ಹೇಳಿದ 'ಕಮ್ಮಿ' ಗ್ಯಾಸಿನದ್ದು, ದೇವರಾಯನದುರ್ಗದ ಮಸಿ ಬಂದದ್ದು ಹೀಗೆ ಪೆಟ್ರೋಲ್‌ನಿಂದ.

ಗ್ಯಾರೇಜಿನ ಎರಡು ದಿನದ ಪವಾಡವೂ ಆಗ ಅರ್ಥವಾಯಿತು. ಕೋಡ್ ಅಳಿಸಿದರೆ ಹೆಚ್ಚಿನ ಕಾರುಗಳಲ್ಲಿ ಕಲಿತ ಟ್ರಿಮ್ ಕೂಡ ಸೊನ್ನೆಗೆ ಬರುತ್ತದೆ. ಮತ್ತೆ +21 ಕಲಿಯುವ ತನಕ ಗಾಡಿ ಚೆನ್ನಾಗಿರುತ್ತದೆ, ನಾವು ರಿಪೇರಿ ಆಯಿತು ಅಂದುಕೊಳ್ಳುತ್ತೇವೆ. ಹಾಗಾಗಿ ಕೈಯಲ್ಲಿ ಸ್ಕ್ಯಾನರ್ ಇದೆ ಅಂತ ಸುಮ್ನೆ ಕೋಡ್ ಅಳಿಸಬೇಡಿ. ಮೊದಲು ಬರೆದಿಟ್ಟುಕೊಳ್ಳಿ, ಫ್ರೀಜ್ ಫ್ರೇಮ್ ಇದ್ದರೆ ಅದನ್ನೂ. ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಎಂಜಿನ್ ಬಿಸಿ ಎಲ್ಲ ಅದರಲ್ಲಿ ಇರುತ್ತದೆ.

ನೋಟ್‌ಬುಕ್ ಹಿಡಿದು ಮೂರನೇ ಕಡೆ ಹೋದೆ, ಗ್ಯಾಸ್ ಕಿಟ್ ಕೆಲಸ ಮಾತ್ರ ಮಾಡುವ ಒಬ್ಬ ಹುಡುಗನ ಹತ್ತಿರ. ನಂಬರ್ ನೋಡಿದವನೇ "ಫಿಲ್ಟರ್ ಯಾವಾಗ ಚೇಂಜ್ ಮಾಡ್ಸಿದ್ರಿ ಅಣ್ಣ?" ಅಂದ. ಮಾಡಿಸಿಯೇ ಇರಲಿಲ್ಲ, 42,000 ಕಿಲೋಮೀಟರ್ ಆಗಿತ್ತು. ರೆಡ್ಯೂಸರ್ (ಸಿಲಿಂಡರಿನ ಗ್ಯಾಸಿನ ಒತ್ತಡ ಇಳಿಸುವ ಭಾಗ) ಮತ್ತು ಗ್ಯಾಸ್ ಇಂಜೆಕ್ಟರ್ ನಡುವಿನ ಫಿಲ್ಟರ್ ಬಿಚ್ಚಿ ನ್ಯೂಸ್‌ಪೇಪರ್ ಮೇಲೆ ಬಗ್ಗಿಸಿದ. ಹಳೇ ಎಂಜಿನ್ ಆಯಿಲ್ ಥರ ಕಪ್ಪು ಎಣ್ಣೆ ಇಳಿಯಿತು. ಬಂಕಿನ ಕಂಪ್ರೆಸರ್ ಎಣ್ಣೆ ಗ್ಯಾಸಿನ ಜೊತೆ ಸ್ವಲ್ಪ ಸ್ವಲ್ಪವೇ ಬಂದು ಹೀಗೆ ಕೂರುತ್ತದಂತೆ. ಫಿಲ್ಟರ್ 350. ಆಮೇಲೆ ಅವನು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು: ಲ್ಯಾಪ್‌ಟಾಪ್ ತೆರೆಯುವ ಮೊದಲು ಕಾಲು ಗಂಟೆ ಪೆಟ್ರೋಲ್‌ನಲ್ಲಿ ಓಡಿಸಿ, ಟ್ರಿಮ್ ಸೊನ್ನೆ ಹತ್ತಿರ ಬಂದ ಮೇಲೆ ಗ್ಯಾಸ್ ಟ್ಯೂನ್ ಮಾಡಿದ. ಪೆಟ್ರೋಲ್ ಸರಿ ಇಲ್ಲದೆ ಗ್ಯಾಸ್ ಟ್ಯೂನ್ ಮಾಡಿದರೆ ತಪ್ಪು ತಕ್ಕಡಿಯಲ್ಲಿ ತೂಗಿದ ಹಾಗೆ. ಪ್ಲಗ್ ಗ್ಯಾಪ್ 1.1 ಮಿಲಿಮೀಟರ್ ಇದ್ದದ್ದನ್ನು 0.8ಕ್ಕೆ ಇಳಿಸಿದ, ಗ್ಯಾಸಿಗೆ ಕಿಡಿ ಹಚ್ಚಲು ಜಾಸ್ತಿ ವೋಲ್ಟೇಜ್ ಬೇಕು, ಗ್ಯಾಪ್ ಕಮ್ಮಿ ಇದ್ದರೆ ಮಿಸ್ಸಿಂಗ್ ಬರುವುದಿಲ್ಲ ಅಂತ. ಬೆಳಿಗ್ಗೆ ತಣ್ಣಗಿರುವ ಗಾಡಿ ಎಷ್ಟು ಬಿಸಿಯಾದ ಮೇಲೆ ಪೆಟ್ರೋಲ್‌ನಿಂದ ಗ್ಯಾಸಿಗೆ ತಿರುಗಬೇಕು ಅನ್ನುವುದನ್ನು 40 ಡಿಗ್ರಿಗೆ ಏರಿಸಿದ. ಕೂಲಿ 800.

ಈಗ ಗ್ಯಾಸಿನಲ್ಲಿ +4, ಪೆಟ್ರೋಲ್‌ಗೆ ಬಂದರೆ ‑2. ಬಟನ್ ಒತ್ತಿದ್ದು ಅತ್ತೆಗೂ ಗೊತ್ತಾಗುವುದಿಲ್ಲ.

ನಿಮ್ಮ ನಂಬರ್ ಬೇರೆ ಥರ ಇದ್ದರೆ ಕಾಯಿಲೆಯೂ ಬೇರೆ. ಎರಡೂ ಇಂಧನದಲ್ಲಿ ಪ್ಲಸ್ ಜಾಸ್ತಿ ಇದ್ದರೆ ಎಲ್ಲೋ ಎಂಜಿನ್ ಒಳಗೆ ಗಾಳಿ ಸೋರಿ ಬರುತ್ತಿರಬಹುದು, ವ್ಯಾಕ್ಯೂಮ್ ಪೈಪ್ ನೋಡಿಸಿ. ಗ್ಯಾಸಿನಲ್ಲಿ ಸರಿ ಇದ್ದು ಪೆಟ್ರೋಲ್‌ನಲ್ಲಿ ಎಷ್ಟು ಓಡಿಸಿದರೂ ಪ್ಲಸ್ಸೇ ಇದ್ದರೆ ಆಗ ಪಂಪ್, ಪೆಟ್ರೋಲ್ ಇಂಜೆಕ್ಟರ್ ಮೇಲೆ ಅನುಮಾನ ಪಡಿ. ಗ್ಯಾಸಿದೆ ಅಂತ ತಿಂಗಳುಗಟ್ಟಲೆ ಪೆಟ್ರೋಲ್ ಮುಟ್ಟದೇ ಇರುವವರಿಗೆ ಇದು ಬರುತ್ತದೆ. ಎಥೆನಾಲ್ ಇರುವ ಪೆಟ್ರೋಲ್ ನೀರು ಎಳೆದುಕೊಳ್ಳುತ್ತದೆ, ಹಳೇದಾಗಲು ಬಿಡಬೇಡಿ. ಕಾಲು ಟ್ಯಾಂಕ್ ಇರಲಿ, ಪಂಪ್ ತಣ್ಣಗಾಗುವುದೇ ಸುತ್ತ ಇರುವ ಪೆಟ್ರೋಲ್‌ನಿಂದ. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಪೆಟ್ರೋಲ್‌ನಲ್ಲಿ ಓಡಿಸಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಡಬ್ಬಿ ಗಿಬ್ಬಿ ಬಿಡಿ, ವಾಲ್ವ್ ಮುಚ್ಚಿ, ಕಿಟ್‌ನವರನ್ನು ಕರೆಯಿರಿ.

ಅಂದಹಾಗೆ, ಎಥೆನಾಲ್ ಫ್ಲೆಕ್ಸ್-ಫ್ಯುಯೆಲ್ ಗಾಡಿಗಳಿಗೂ, ಅಂದರೆ ಒಂದೇ ಟ್ಯಾಂಕಿಗೆ ಪೆಟ್ರೋಲ್, ಎಥೆನಾಲ್ ಹೇಗೆ ಬೆರೆಸಿ ಹಾಕಿದರೂ ಓಡುವ ಗಾಡಿಗಳಿಗೂ, ಬಹುಪಾಲು ಇದೇ ಲೆಕ್ಕ. ಒಂದು ಪಾಲು ಪೆಟ್ರೋಲ್ ಸುಡಲು ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು (ತೂಕದ ಲೆಕ್ಕ), ಅಂದರೆ ಅಷ್ಟೇ ಗಾಳಿಗೆ ಎಥೆನಾಲ್ ಜಾಸ್ತಿ ಸುರಿಯಬೇಕು. ಬ್ರೆಜಿಲ್‌ನಲ್ಲಿ 2003ರಿಂದಲೂ ಇಂಥ ಕಾರು ಮಾರುತ್ತಿದ್ದಾರೆ, ಅಲ್ಲಿಯೂ ಟ್ಯಾಂಕಿನಲ್ಲಿ ಏನಿದೆ ಅಂತ ಹೆಚ್ಚಿನ ಕಾರುಗಳು ತಿಳಿಯುವುದು ಆಕ್ಸಿಜನ್ ಸೆನ್ಸರ್ ನೋಡಿಯೇ. ಇಂಧನ ಬದಲಾಯಿಸಿದ ಮೇಲೆ ಗಾಡಿ ಆಫ್ ಮಾಡದೆ ಕೆಲವು ಕಿಲೋಮೀಟರ್ ಓಡಿಸಿ ಅನ್ನುವುದು ಅದಕ್ಕೇ. ಕಲಿಯಲು ಬಿಡಬೇಕು.

ಇನ್ನು ಕಟ್ ಮಾಡಿದ ಒಂದು ಅಂಕ. ಡಬ್ಬಿ ನಿಧಾನ. ಎರಡು ಮೂರು ನಂಬರ್ ಒಟ್ಟಿಗೆ ಹಾಕಿದರೆ ತಡವರಿಸುತ್ತದೆ. ಎಡ ಮಂಡಿಗೆ ತಗಲುತ್ತದೆ. ಗ್ಯಾಸ್ ಇಸಿಯು ಓದುವುದಿಲ್ಲ, ಅದಕ್ಕೆ ಬೇರೆ ಕೇಬಲ್ ಬೇಕು. ರಾತ್ರಿ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಕುಡಿಯುತ್ತದೆ, ನಾನು ಒಮ್ಮೆ ಮೂರು ದಿನ ಮರೆತು ತಳ್ಳಿ ಸ್ಟಾರ್ಟ್ ಮಾಡಿದ್ದೇನೆ. ಈ ನೀಲಿ ಬ್ಲೂಟೂತ್ ಡಬ್ಬಿ ಐಫೋನ್‌ಗೆ ಕೂಡುವುದಿಲ್ಲ, ಐಫೋನ್ ಇರುವವರು ವೈಫೈ ಇರುವುದನ್ನು ತೆಗೆದುಕೊಳ್ಳಿ. ನನ್ನ ಭಾವಮೈದ ಇದನ್ನು ಕೇಳಿಸಿಕೊಳ್ಳದೆ ಇಸ್ಕೊಂಡು ಹೋಗಿ, ಅರ್ಧ ದಿನ ಒದ್ದಾಡಿ, "ನಿನ್ನ ಡಬ್ಬಿ ಕೆಟ್ಟಿದೆ" ಅಂತ ಫೋನ್ ಮಾಡಿದ್ದ.